ಪಿಡುಗಿನ ಕಾಲದಲ್ಲಿ ನಮ್ಮ ಮಕ್ಕಳು

(ಗಿರಣಿ ಕಾರ್ಮಿಕರೂ ಪೇಟೆಯ ಸಣ್ಣ ವ್ಯಾಪಾರಿಗಳೂ ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ. ಕೇಳಿದವರ ಒತ್ತಾಯದ ಮೇಲೆ ಬರೆದು ಕೊಟ್ಟದ್ದು.)



ಈ ಹೊತ್ತಿನ ಸಭೆಯಲ್ಲಿ ಬೋನಸ್ಸಿನ ಮಾತು ಬರುತ್ತದೆ, ತುಟ್ಟಿಭತ್ಯದ ಮಾತು ಬರುತ್ತದೆ ಎಂದುಕೊಂಡು ಪಾಳಿ ಮುಗಿಸಿ ನೇರವಾಗಿ ಇಲ್ಲಿಗೆ ಬಂದವರು ಬೇಸರ ಮಾಡಿಕೊಳ್ಳಬಾರದು. ಇವತ್ತು ನಾವು ಮಾತನಾಡಲು ನಿಂತಿರುವುದು ಮಕ್ಕಳ ವಿಷಯ. ಮಕ್ಕಳ ವಿಷಯವೆಂದರೆ ಹೆಂಗಸರ ವಿಷಯ, ಮೇಷ್ಟ್ರುಗಳ ವಿಷಯ, ಇಂಥ ಸಭೆಯಲ್ಲಿ ಅದಕ್ಕೇನು ಕೆಲಸ ಎಂದು ಹಿಂದಿನ ಸಾಲಿನಲ್ಲಿ ಯಾರೋ ಅಂದದ್ದು ನಮ್ಮ ಕಿವಿಗೂ ಬಿತ್ತು. ಸ್ವಲ್ಪ ತಾಳಿ. ಕೂಲಿಯ ವಿಷಯ ಬಿಟ್ಟು ನಾವು ಬಹಳ ದೂರ ಹೋಗುವುದಿಲ್ಲ.

2020ನೆಯ ಇಸವಿಯಲ್ಲಿ ಕೊರೋನಾ ಪಿಡುಗು ನಮ್ಮ ದೇಶಕ್ಕೆ ಬಂತು. ಈ ದೇಶದಲ್ಲಿ ಆ ರೋಗದಿಂದ ಸತ್ತರೆಂದು ಮೊದಲು ದಾಖಲಾದವರು ನಮ್ಮ ಕಲಬುರಗಿಯವರೇ; ಅದು ಆ ವರ್ಷದ ಮಾರ್ಚ್ ತಿಂಗಳು. ಅಲ್ಲಿಂದ ಎರಡು ವರ್ಷ ನಾವೆಲ್ಲ ಪಟ್ಟ ಪಾಡನ್ನು ನಿಮಗೆ ಹೊಸದಾಗಿ ಹೇಳಬೇಕಾದ್ದಿಲ್ಲ. ಆದರೆ ಒಂದು ಸಂಗತಿ ನಮ್ಮ ಮನಸ್ಸನ್ನು ಕೊರೆಯುತ್ತಿದೆ. ರೋಗದ ಲೆಕ್ಕ ಬರೆದವರು ಸತ್ತವರನ್ನು ಎಣಿಸಿದರು. ಆ ಎಣಿಕೆಯಲ್ಲಿ ಮಕ್ಕಳು ಬಹಳ ಕಡಿಮೆ. ಆದಕಾರಣ, ದೇವರು ದೊಡ್ಡವನು, ಮಕ್ಕಳಿಗೇನೂ ಆಗಲಿಲ್ಲ ಎಂಬ ಮಾತು ಊರಲ್ಲೆಲ್ಲ ನಿಂತುಬಿಟ್ಟಿತು. ದೊಡ್ಡ ಅಧಿಕಾರಿಗಳೂ ಅದನ್ನೇ ಹೇಳಿದರು, ಕಟ್ಟೆಯ ಮೇಲೆ ಕೂತ ಮುದುಕರೂ ಅದನ್ನೇ ಹೇಳಿದರು. ಅದು ಸುಳ್ಳು ಎನ್ನುವುದಕ್ಕೆ ನಾವು ಇವತ್ತು ನಿಂತಿದ್ದೇವೆ.

ಈಗ್ಗೆ ನೂರು ವರ್ಷಗಳ ಹಿಂದಿನ ಮಾತನ್ನು ಮೊದಲು ಕೇಳಿ. 1918ರ ಜೂನ್ ತಿಂಗಳಲ್ಲಿ ಮುಂಬಯಿಯ ಬಂದರಿನಲ್ಲಿ ಒಂದು ಜ್ವರ ಕಾಣಿಸಿಕೊಂಡಿತು. ಮೊದಲನೆಯ ಮಹಾಯುದ್ಧದ ಸಿಪಾಯಿಗಳನ್ನು ಹೊತ್ತು ತರುತ್ತಿದ್ದ ಹಡಗುಗಳ ಕಾಲ ಅದು. ಮಳೆಗಾಲ ಕಳೆದು ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ ಅದೇ ಜ್ವರ ಎರಡನೆಯ ಸಲ ಎದ್ದು ದೇಶವನ್ನೆಲ್ಲ ಗುಡಿಸಿಕೊಂಡು ಹೋಯಿತು. ಹಿಂದೂಸ್ಥಾನದಲ್ಲಿ ಸತ್ತವರು 1 ಕೋಟಿ 20 ಲಕ್ಷದಿಂದ 1 ಕೋಟಿ 80 ಲಕ್ಷದವರೆಗೆ ಎಂದು ಬಲ್ಲವರು ಅಂದಾಜು ಮಾಡಿದ್ದಾರೆ. ಅದೇ ವರ್ಷ ಮಳೆಯೂ ಕೈಕೊಟ್ಟಿತ್ತು. ಕಾಳಿನ ಬೆಲೆ ಏರಿತ್ತು. ಅತ್ತ ಮುಂಬಯಿಯ ಗಿರಣಿ ಧನಿಗಳು ಯುದ್ಧದ ಕಾಲದಲ್ಲಿ ಲಾಭದ ಮೇಲೆ ಲಾಭ ಎಣಿಸಿದ್ದರು. ಇತ್ತ ಗಿರಣಿಯವನ ಕೂಲಿ ಇದ್ದಲ್ಲೇ ಉಳಿದಿತ್ತು. 1919ರ ಜನವರಿಯಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಮಂದಿ ಗಿರಣಿ ಕೆಲಸಗಾರರು ಕೆಲಸ ಬಿಟ್ಟು ಬೀದಿಗೆ ಬಂದರು. ನಮ್ಮ ಕಾರ್ಮಿಕ ಚಳವಳಿಯ ಚರಿತ್ರೆ ಹೇಳುವವರು ಆ ಮುಷ್ಕರವನ್ನು ಹೆಮ್ಮೆಯಿಂದ ಹೇಳುತ್ತಾರೆ. ಅದರ ಹಿಂದೆ ಮೂರು ತಿಂಗಳ ಕೆಳಗಷ್ಟೇ ಮನೆಮನೆಯಿಂದ ಹೆಣ ಎತ್ತಿದ್ದರು ಎಂಬುದನ್ನು ಹೇಳುವವರು ಕಡಿಮೆ.

ಆ ಮನೆಗಳು ಎಂಥವು? ಒಂದೇ ಕೋಣೆಯ ಚಾಳುಗಳು. 1921ರ ಲೆಕ್ಕವೊಂದಿದೆ. ಮುಂಬಯಿಯಲ್ಲಿ ಒಂದೇ ಕೋಣೆಯಲ್ಲಿ ಬಾಳುತ್ತಿದ್ದ ಸಂಸಾರಗಳಲ್ಲಿ ಸಾವಿರ ಜನನಕ್ಕೆ 828 ಕೂಸುಗಳು ವರ್ಷ ತುಂಬುವ ಮೊದಲೇ ತೀರಿಕೊಂಡವು. ನಾಲ್ಕು ಕೋಣೆಯ ಮನೆಯವರಲ್ಲಿ 133. ಹೆರಿಗೆಗೆಂದು ಊರಿಗೆ ಹೋದವರ ಮಕ್ಕಳ ಜನನ ಊರಲ್ಲಿ ದಾಖಲಾಗಿ, ಸಾವು ಮುಂಬಯಿಯಲ್ಲಿ ದಾಖಲಾಗುತ್ತಿತ್ತು, ಆದ್ದರಿಂದ ಮೊದಲಿನ ಅಂಕಿ ತುಸು ಉಬ್ಬಿದೆ ಎಂದು ಕೆಲವರು ಆಗಲೇ ತಕರಾರು ತೆಗೆದಿದ್ದರು. ಇರಲಿ, ಅರ್ಧ ಕಳೆಯಿರಿ. ಆಗಲೂ ನಾಲ್ಕು ಕೋಣೆಯವರ ಮೂರು ಪಟ್ಟು ಉಳಿಯುತ್ತದೆ. ತಾಯಿ ಗಿರಣಿಗೆ ಹೋಗುವಾಗ ಕೂಸು ಅಳದೆ ಬಿದ್ದಿರಲೆಂದು ಚೂರು ಅಫೀಮು ತಿನ್ನಿಸಿ ಹೋಗುತ್ತಿದ್ದಳೆಂದು ಆ ಕಾಲದ ವರದಿಗಳಲ್ಲೇ ಬರೆದಿದೆ. ಆ ತಾಯಿಗೆ ಮಮತೆ ಇರಲಿಲ್ಲವೇ? ಪಾಳಿ ತಪ್ಪಿದರೆ ಕೂಲಿ ಇರಲಿಲ್ಲ, ಅಷ್ಟೇ. ಹೆರಿಗೆಯ ಕಾಲಕ್ಕೆ ಹೆಣ್ಣು ಕೆಲಸಗಾರಳಿಗೆ ಭತ್ಯ ಕೊಡಬೇಕೆಂಬ ಕಾನೂನು ಮುಂಬಯಿ ಪ್ರಾಂತದಲ್ಲಿ ಬಂದದ್ದು 1929ರಲ್ಲಿ. ಈ ದೇಶಕ್ಕೆ ಅದೇ ಮೊದಲನೆಯದು.

ಜ್ವರ ಎಲ್ಲರಿಗೂ ಒಂದೇ. ಆದರೆ ಜ್ವರ ಬಂದಾಗ ಮನೆಯಲ್ಲಿ ಎಷ್ಟು ಕಾಳಿದೆ, ಎಷ್ಟು ಕೋಣೆಯಿದೆ, ಎಷ್ಟು ದಿನ ಕೂಲಿಯಿಲ್ಲದೆ ತಡೆದೀತು, ಇವೇ ಮಗುವಿನ ಗತಿಯನ್ನು ತೀರ್ಮಾನ ಮಾಡುತ್ತವೆ. 2020ರಲ್ಲಿಯೂ ಹಾಗೆಯೇ ಆಯಿತು.

ನಮ್ಮ ವಿಷಯ ಸ್ವಲ್ಪ ಹೇಳಿಕೊಳ್ಳಬೇಕು. ನಾವು ಓದಿದ್ದು ಎಸ್ಸೆಸ್ಸೆಲ್ಸಿ ಮಾತ್ರ. ಆ ಕಾಲಕ್ಕೆ ಊರಿನ ಒಂದು ಸಣ್ಣ ಖಾಸಗಿ ಶಾಲೆಯಲ್ಲಿ ಕೆಳ ತರಗತಿಯ ಮಕ್ಕಳಿಗೆ ಅಕ್ಷರ ತಿದ್ದಿಸುತ್ತಿದ್ದೆವು. ಸಂಬಳ ನಾಲ್ಕು ಜನರ ಎದುರಿಗೆ ಹೇಳುವಂಥದಲ್ಲ. ಶಾಲೆ ಮುಚ್ಚಿದ ಎರಡನೆಯ ತಿಂಗಳಿಗೆ ಅದೂ ನಿಂತಿತು. ಹೀಗಾಗಿ ನಾವು ಈ ವಿಷಯವನ್ನು ಮೇಲಿನಿಂದ ಕಂಡವರಲ್ಲ. ಅಂಗಡಿಯ ಸಾಲದ ಪುಸ್ತಕದಲ್ಲಿ ನಮ್ಮ ಹೆಸರಿನ ಹಾಳೆ ತುಂಬಿ ಎರಡನೆಯ ಹಾಳೆಗೆ ಹೋಗಿತ್ತು. ಆ ಅಂಗಡಿಯವರು ಇಲ್ಲೇ ಕೂತಿದ್ದಾರೆ, ನಗುತ್ತಿದ್ದಾರೆ. ಅವರ ಕಷ್ಟವೂ ನಮಗೆ ಗೊತ್ತು. 2020ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರದವರು ಕ್ಷೌರಿಕರಿಗೆ, ಅಗಸರಿಗೆ, ಆಟೋ ಓಡಿಸುವವರಿಗೆ ಒಂದು ಬಾರಿಗೆ ತಲಾ 5000 ರೂಪಾಯಿ ಎಂದು ಸಾರಿದರು. ಕಿರಾಣಿ ಅಂಗಡಿಯವನ, ಬಟ್ಟೆಯ ಗಂಟು ಹೊತ್ತು ಮಾರುವವನ ಹೆಸರು ಆ ಪಟ್ಟಿಯಲ್ಲಿರಲಿಲ್ಲ.

ಮೊದಲು ನಿಂತದ್ದು ಊಟ. ನಮ್ಮ ರಾಜ್ಯದಲ್ಲಿ ಅಕ್ಷರ ದಾಸೋಹವೆಂಬ ಬಿಸಿಯೂಟದ ಯೋಜನೆ 2002ರಲ್ಲಿ ಈಶಾನ್ಯದ ಜಿಲ್ಲೆಗಳಲ್ಲಿ ಶುರುವಾಗಿ ಆಮೇಲೆ ಎಲ್ಲ ಕಡೆಗೂ ಹಬ್ಬಿತು. ಅದಕ್ಕೆ ಮುಂಚೆ, 2001ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಬೇಯಿಸಿದ ಊಟವನ್ನೇ ಕೊಡಬೇಕು ಎಂದು ಕಟ್ಟಪ್ಪಣೆ ಮಾಡಿತ್ತು. ಬೇಯಿಸಿದ ಊಟ ಎಂಬ ಮಾತನ್ನು ಗಮನಿಸಿ. ಪ್ರಾಥಮಿಕ ಶಾಲೆಯ ಮಗುವಿಗೆ ದಿನಕ್ಕೆ 450 ಕ್ಯಾಲರಿ, 12 ಗ್ರಾಂ ಪ್ರೋಟೀನು ಸಿಗಬೇಕೆಂಬುದು ಅಳತೆ. 2013ರಿಂದ ಅದಕ್ಕೆ ಹಾಲೂ ಸೇರಿತು. ಶಾಲೆ ಮುಚ್ಚಿದಾಗ ಇದು ಮುಚ್ಚಿತು. ಬದಲಿಗೆ ಅಕ್ಕಿ ಬೇಳೆಯನ್ನು ಮನೆಗೆ ಕೊಡುತ್ತೇವೆ ಎಂದರು. ಕೊಟ್ಟರು ಕೂಡ, ಕೆಲವು ಕಡೆ ತಡವಾಗಿ, ಕೆಲವು ಕಡೆ ಎರಡು ಮೂರು ತಿಂಗಳದ್ದು ಒಟ್ಟಿಗೆ. ಒಬ್ಬ ಹುಡುಗನ ಪಾಲಿನ ಅಕ್ಕಿ ಮನೆಗೆ ಬಂದರೆ ಅದನ್ನು ಆರು ಜನ ಉಣ್ಣುತ್ತಾರೆ. ಉಣ್ಣಬಾರದು ಎನ್ನಲು ಯಾವ ತಾಯಿಗೆ ಬಾಯಿ ಬಂದೀತು? ಶಾಲೆಯ ಪಂಕ್ತಿಯಲ್ಲಿ ಆ ತಟ್ಟೆ ಅವನೊಬ್ಬನದಾಗಿತ್ತು. ಅದರಲ್ಲಿ ಹೆಣ್ಣುಮಗಳ ತಟ್ಟೆಗೂ ಗಂಡುಹುಡುಗನ ತಟ್ಟೆಗೂ ವ್ಯತ್ಯಾಸವಿರಲಿಲ್ಲ. ಮನೆಯಲ್ಲಿ ಏನು ನಡೆಯುತ್ತದೆ ಎಂಬುದನ್ನು ಇಲ್ಲಿರುವ ತಾಯಂದಿರು ನಮಗಿಂತ ಚೆನ್ನಾಗಿ ಬಲ್ಲರು.

ಈ ರೋಗ ಬರುವುದಕ್ಕೆ ಸ್ವಲ್ಪ ಮುಂಚೆ, 2019ರಲ್ಲಿ, ನಮ್ಮ ರಾಜ್ಯದಲ್ಲಿ ಮನೆಮನೆಗೆ ಹೋಗಿ ಕುಟುಂಬ ಆರೋಗ್ಯ ಸಮೀಕ್ಷೆ ಮಾಡಿದ್ದರು. ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35 ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ನೂರಕ್ಕೆ 65 ಮಂದಿಗೆ ರಕ್ತಹೀನತೆ. ಇದು ಒಳ್ಳೆಯ ದಿನಗಳ ಲೆಕ್ಕ. ಪಿಡುಗು ಬಂದು ಹೊಡೆದದ್ದು ಈ ಮಕ್ಕಳ ಮೇಲೆ. ಚುಚ್ಚುಮದ್ದಿನ ಕೆಲಸವೂ ಹಿಂದೆ ಬಿತ್ತು. ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯುಗಳ ಮೊದಲ ಚುಚ್ಚುಮದ್ದೂ ಸಿಗದ ಕೂಸುಗಳು ಈ ದೇಶದಲ್ಲಿ 2019ರಲ್ಲಿ ಸುಮಾರು 14 ಲಕ್ಷವಿದ್ದದ್ದು 2020ರಲ್ಲಿ 30 ಲಕ್ಷವಾಯಿತು. ಒಂದು ರೋಗದ ಭಯದಲ್ಲಿ ಮೂರು ರೋಗಗಳಿಗೆ ಬಾಗಿಲು ತೆರೆದಂತಾಯಿತು.

ಆಮೇಲೆ ಶಾಲೆ. ರೋಗದ ಗುಣ ತಿಳಿಯದಿದ್ದಾಗ ಮೊದಮೊದಲು ಮುಚ್ಚಿದ್ದನ್ನು ನಾವು ತಪ್ಪೆನ್ನುವುದಿಲ್ಲ. ಎಷ್ಟು ಕಾಲ ಮುಚ್ಚಿದರು ಎಂಬುದನ್ನು ನೋಡಿ. 2020ರ ಮೇ 4ರಂದು ನಮ್ಮ ರಾಜ್ಯದಲ್ಲಿ ಸಾರಾಯಿ ಅಂಗಡಿಗಳು ತೆರೆದವು. 1ರಿಂದ 5ನೆಯ ತರಗತಿಯ ಮಕ್ಕಳಿಗೆ ಶಾಲೆ ತೆರೆದದ್ದು 2021ರ ಅಕ್ಟೋಬರ್ 25ರಂದು. ನಡುವೆ 17 ತಿಂಗಳು; ಮುಚ್ಚಿದ ದಿನದಿಂದ ಎಣಿಸಿದರೆ 19. ಸರ್ಕಾರಕ್ಕೆ ಮೊದಲನೆಯದರಿಂದ ವರಮಾನವಿದೆ, ಎರಡನೆಯದರಿಂದ ಖರ್ಚು. ನಡುವೆ 2020ರ ಆಗಸ್ಟಿನಲ್ಲಿ ವಿದ್ಯಾಗಮವೆಂದು ಮಾಡಿ ಮೇಷ್ಟ್ರುಗಳನ್ನು ಓಣಿಗೆ, ಗುಡಿಗೆ, ಮರದ ನೆರಳಿಗೆ ಕಳಿಸಿದರು. ಒಳ್ಳೆಯ ಯೋಚನೆಯೇ. ಮೇಷ್ಟ್ರುಗಳು ಕಾಯಿಲೆ ಬೀಳತೊಡಗಿದಾಗ ಅಕ್ಟೋಬರಿನಲ್ಲಿ ಅದನ್ನೂ ನಿಲ್ಲಿಸಿದರು. ಮಿಕ್ಕಂತೆ, ಮೊಬೈಲಿನಲ್ಲಿ ಪಾಠ. ನಮ್ಮ ಓಣಿಯಲ್ಲಿ ಮನೆಗೊಂದು ದೊಡ್ಡ ಮೊಬೈಲು ಎಲ್ಲಿತ್ತು? ಇದ್ದದ್ದನ್ನು ತಂದೆ ಕೆಲಸಕ್ಕೆ ಒಯ್ಯುತ್ತಿದ್ದ. 2021ರಲ್ಲಿ ಜೀನ್ ಡ್ರೇಜ್ ಮೊದಲಾದವರು 15 ರಾಜ್ಯ, ಕೇಂದ್ರಾಡಳಿತ ಪ್ರದೇಶಗಳ ಬಡ ಓಣಿಗಳಲ್ಲಿ ಸುಮಾರು 1400 ಮಕ್ಕಳನ್ನು ಕಂಡು ವಿಚಾರಿಸಿದರು, ಕರ್ನಾಟಕವೂ ಅದರಲ್ಲಿತ್ತು. ಹಳ್ಳಿಯ ಮಕ್ಕಳಲ್ಲಿ ಮೊಬೈಲಿನಲ್ಲಿ ಕ್ರಮವಾಗಿ ಕಲಿಯುತ್ತಿದ್ದವರು ನೂರಕ್ಕೆ 8. ಏನೂ ಕಲಿಯದೆ ಸುಮ್ಮನಿದ್ದವರು ನೂರಕ್ಕೆ 37.

ಕೆಲಸವಿಲ್ಲದ ಮೇಷ್ಟ್ರಾಗಿ ನಾವು ಸಂಜೆಯ ಹೊತ್ತು ಗುಡಿಯ ಜಗಲಿಯ ಮೇಲೆ ಓಣಿಯ ಮಕ್ಕಳನ್ನು ಕೂಡಿಸಿಕೊಳ್ಳುತ್ತಿದ್ದೆವು. ಎರಡನೆಯ ತರಗತಿಗೆ ಹೋಗಬೇಕಾಗಿದ್ದ ಒಬ್ಬ ಹುಡುಗ, ಹಿಂದಿನ ವರ್ಷ ನಮ್ಮ ಮುಂದೆಯೇ ಗುಣಿತಾಕ್ಷರ ಮುಗಿಸಿದ್ದವನು, ‘ಅಮ್ಮ’ ಎಂದು ಬರೆಯಲು ಹೇಳಿದರೆ ‘ಅಮ’ ಎಂದು ಬರೆದು ಕೈ ನಿಲ್ಲಿಸಿದ. ಒತ್ತು ಮರೆತಿತ್ತು. ಮರೆತಿದೆ ಎಂಬುದು ಅವನಿಗೆ ಗೊತ್ತಾಗುತ್ತಿತ್ತು, ಏನು ಮರೆತಿದೆ ಎಂಬುದು ಗೊತ್ತಾಗುತ್ತಿರಲಿಲ್ಲ. ಆಮೇಲೆ ನಾವು ಓದಿದೆವು: ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದವರು 2021ರ ಜನವರಿಯಲ್ಲಿ ಕರ್ನಾಟಕವೂ ಸೇರಿ 5 ರಾಜ್ಯಗಳ 16067 ಮಕ್ಕಳನ್ನು ಪರೀಕ್ಷಿಸಿದಾಗ, ನೂರಕ್ಕೆ 92 ಮಕ್ಕಳು ಹಿಂದಿನ ವರ್ಷ ಬರುತ್ತಿದ್ದ ಭಾಷೆಯ ಒಂದಾದರೂ ಸಾಮರ್ಥ್ಯವನ್ನು ಕಳೆದುಕೊಂಡಿದ್ದರು, ಲೆಕ್ಕದಲ್ಲಿ ನೂರಕ್ಕೆ 82. ಹೊಸದು ಕಲಿಯಲಿಲ್ಲ ಎಂಬುದಷ್ಟೇ ಅಲ್ಲ, ಕಲಿತದ್ದೂ ಹೋಯಿತು.

ಇದರ ಜೊತೆಗೆ ಧನಿಗಳೂ ಸರ್ಕಾರವೂ ಏನು ಮಾಡುತ್ತಿದ್ದರು? 2020ರ ಮೇ ತಿಂಗಳ ಮೊದಲ ವಾರದಲ್ಲಿ, ಊರಿಗೆ ಹೊರಟ ಪರರಾಜ್ಯದ ಕೂಲಿಗಳ ರೈಲುಗಳನ್ನು ನಮ್ಮ ಸರ್ಕಾರ ರದ್ದು ಮಾಡಿಸಿತು. ಕಟ್ಟಡದ ಧನಿಗಳ ಜೊತೆ ಮಾತುಕತೆಯಾದ ಮೇಲೆ ಆದ ಕೆಲಸ ಇದು. ದೇಶವೆಲ್ಲ ಛೀ ಎಂದ ಮೇಲೆ ರೈಲು ಬಿಟ್ಟರು. ಮೇ 22ರಂದು ಕಾರ್ಖಾನೆಗಳಲ್ಲಿ ದಿನದ ಕೆಲಸದ ಮಿತಿಯನ್ನು 9 ಗಂಟೆಯಿಂದ 10 ಗಂಟೆಗೆ, ವಾರದ್ದನ್ನು 48ರಿಂದ 60ಕ್ಕೆ ಏರಿಸಿ ಹುಕುಂ ಹೊರಡಿಸಿದರು. ಹೈಕೋರ್ಟಿಗೆ ಹೋದ ಮೇಲೆ ಜೂನ್ 11ಕ್ಕೆ ಹಿಂದೆ ತೆಗೆದುಕೊಂಡರು. ನಾವು ಅದನ್ನು ಕೆಲಸಗಾರನ ಮೈಮುರಿತದ ಪ್ರಶ್ನೆಯೆಂದು ವಿರೋಧಿಸಿದೆವು. ಶಾಲೆಯೂ ಅಂಗನವಾಡಿಯೂ ಮುಚ್ಚಿರುವಾಗ ತಂದೆ ತಾಯಿ ಇಬ್ಬರೂ ಹತ್ತು ಗಂಟೆ ಹೊರಗಿದ್ದರೆ ಮನೆಯಲ್ಲಿ ಮಕ್ಕಳ ಗತಿಯೇನು ಎಂದು ಆ ದಿನ ಯಾರೂ ಕೇಳಲಿಲ್ಲ. ನಾವೂ ಕೇಳಲಿಲ್ಲ.

ಮಕ್ಕಳು ಎಲ್ಲಿದ್ದರು? ಕೆಲವರು ನಿಮ್ಮ ಕಣ್ಣೆದುರಿಗೇ ಇದ್ದರು. ಮಂಡಕ್ಕಿ ಭಟ್ಟಿಯಲ್ಲಿ, ಗ್ಯಾರೇಜಿನಲ್ಲಿ, ಚಹದಂಗಡಿಯಲ್ಲಿ. ನಾವು ಕಂಡ ಒಂದು ಭಟ್ಟಿಯಲ್ಲಿ ಬೆಳಗಿನ ಜಾವ ಮೂರು ಗಂಟೆಗೆ ಎದ್ದು ಬೆಂಕಿಯ ಮುಂದೆ ನಿಲ್ಲುತ್ತಿದ್ದ ಇಬ್ಬರು ಆರನೆಯ ತರಗತಿಯವರು. ಭಟ್ಟಿಯವನು ದೊಡ್ಡ ಧನಿಯೇನಲ್ಲ, ಅವನೂ ಸಾಲಗಾರನೇ. ಒಬ್ಬ ಅವನ ಮಗ, ಇನ್ನೊಬ್ಬ ತಂಗಿಯ ಮಗ. 2016ರ ತಿದ್ದುಪಡಿಯ ಪ್ರಕಾರ 14 ವರ್ಷದೊಳಗಿನ ಮಗು ಶಾಲೆ ಬಿಟ್ಟ ಮೇಲಿನ ಹೊತ್ತಿನಲ್ಲಿ ಮನೆಯ ಕಸುಬಿಗೆ ಕೈಹಾಕಬಹುದು, ಅಪಾಯದ ಕೆಲಸವಾಗಿರಬಾರದು. ಶಾಲೆಯೇ ಇಲ್ಲದಾಗ ಶಾಲೆ ಬಿಟ್ಟ ಮೇಲಿನ ಹೊತ್ತು ಯಾವುದು? ಲೋಕದ ಲೆಕ್ಕ ಇಟ್ಟವರು 2020ರಲ್ಲಿ 16 ಕೋಟಿ ಮಕ್ಕಳು ದುಡಿಮೆಯಲ್ಲಿದ್ದಾರೆಂದೂ, 20 ವರ್ಷಗಳಲ್ಲಿ ಮೊದಲ ಸಲ ಆ ಸಂಖ್ಯೆ ಏರಿತೆಂದೂ ಹೇಳಿದರು. ಆಮೇಲೆ ಅದು ಇಳಿದಿದೆ. 2024ರ ಲೆಕ್ಕ 13 ಕೋಟಿ 80 ಲಕ್ಷ. ಇಳಿದಿದೆ ಎಂಬುದನ್ನೂ ಹೇಳಬೇಕು.

ಈಗ ಹೇಳಲು ಮನಸ್ಸು ಹಿಂಜರಿಯುವ ಒಂದು ಮಾತು. ನಮ್ಮ ಜಗಲಿಗೆ ಬರುತ್ತಿದ್ದವರಲ್ಲಿ ಏಳನೆಯ ತರಗತಿ ಮುಗಿಸಿದ ಒಬ್ಬ ಹುಡುಗಿಯಿದ್ದಳು. ಪತ್ರಿಕೆಯನ್ನು ತಡವರಿಸದೆ ಓದಿ ಚಿಕ್ಕವರಿಗೆ ಕೇಳಿಸುತ್ತಿದ್ದಳು. ತಂದೆ ಮಂಡಿಯಲ್ಲಿ ಹಮಾಲಿ. ನಮ್ಮ ಮೆರವಣಿಗೆಗಳಲ್ಲಿ ಬಾವುಟ ಹಿಡಿದವನು. ಮಂಡಿಯ ಕೆಲಸ ನಿಂತು ಕೈಸಾಲ ಬೆಳೆದಿತ್ತು. ಆ ಕಾಲದಲ್ಲಿ ಮದುವೆಗೆ ಐವತ್ತು ಜನರಿಗಿಂತ ಹೆಚ್ಚು ಸೇರಕೂಡದೆಂದು ನಿಯಮವಿತ್ತು. ಬಡವನ ಮನೆಯಲ್ಲಿ ಅದು ಬೇರೆಯೇ ಲೆಕ್ಕವಾಯಿತು: ಚಪ್ಪರವಿಲ್ಲ, ಊರೂಟವಿಲ್ಲ, ಮಗಳನ್ನು ಈಗ ದಾಟಿಸಿದರೆ ಅರ್ಧ ಖರ್ಚಿನಲ್ಲಿ ಆಗಿಹೋಗುತ್ತದೆ. ಆಕೆಗೆ ಹದಿನಾಲ್ಕು. ಎರಡು ದಿನ ಮೊದಲೇ ನಮಗೆ ಸುದ್ದಿ ಬಂದಿತ್ತು. 1098 ಎಂಬ ನಂಬರಿಗೆ ಒಂದು ಫೋನು ಮಾಡಬಹುದಿತ್ತು. ತಂದೆ ನಮ್ಮವನು, ಕಷ್ಟದಲ್ಲಿದ್ದಾನೆ, ಪೊಲೀಸರನ್ನು ಅವನ ಮನೆಗೆ ಕಳಿಸುವುದೇ ಎಂದು ಯೋಚಿಸುತ್ತ ಎರಡು ದಿನ ಕಳೆದೆವು. ಮೂರನೆಯ ದಿನ ಜಗಲಿಗೆ ಅವಳು ಬರಲಿಲ್ಲ. ಆ ವರ್ಷ ಬಾಲ್ಯವಿವಾಹದ ಕಾನೂನಿನಡಿ ದೇಶದಲ್ಲಿ ದಾಖಲಾದ ಮೊಕದ್ದಮೆಗಳು 785. ಅದರಲ್ಲಿ 184 ಕರ್ನಾಟಕದವು, ಎಲ್ಲ ರಾಜ್ಯಗಳಿಗಿಂತ ಹೆಚ್ಚು. ನಾವು ಬಲ್ಲ ಈ ಮದುವೆ ಆ 184ರಲ್ಲಿ ಇಲ್ಲ. ತಂದೆ ಕೆಟ್ಟವನಲ್ಲ. ಮಂಡಿ ನಡೆಯುತ್ತಿದ್ದರೆ, ಶಾಲೆ ತೆರೆದಿದ್ದರೆ ಅವಳು ಎಂಟನೆಯ ತರಗತಿಯಲ್ಲಿ ಕೂತಿರುತ್ತಿದ್ದಳು ಎಂಬುದರಲ್ಲಿ ನಮಗೆ ಸಂಶಯವಿಲ್ಲ. ಆದರೆ ಅದನ್ನು ಹೇಳಿ ನಾವು ಫೋನು ಮಾಡದ ತಪ್ಪನ್ನು ಮುಚ್ಚಿಕೊಳ್ಳಲಾರೆವು.

ಪೇಟೆಯ ಬಂಧುಗಳೇ, ನಿಮ್ಮನ್ನು ಮರೆತಿಲ್ಲ. ಹೊಟ್ಟೆಬಟ್ಟೆ ಕಟ್ಟಿ ಮಕ್ಕಳನ್ನು ಖಾಸಗಿ ಇಂಗ್ಲಿಷ್ ಶಾಲೆಗೆ ಹಾಕಿದವರು ನಿಮ್ಮಲ್ಲೇ ಹೆಚ್ಚು. ಅಂಗಡಿ ಮುಚ್ಚಿತ್ತು, ಫೀಸು ಮುಚ್ಚಿರಲಿಲ್ಲ. 2021ರ ಜನವರಿಯಲ್ಲಿ ಸರ್ಕಾರ, ಬೋಧನಾ ಶುಲ್ಕದಲ್ಲಿ ನೂರಕ್ಕೆ 70 ಮಾತ್ರ ವಸೂಲು ಮಾಡಿ ಎಂದಿತು. ಶಾಲೆಯವರು ಕೋರ್ಟಿಗೆ ಹೋದರು. ಸೆಪ್ಟೆಂಬರಿನಲ್ಲಿ ಹೈಕೋರ್ಟು ನೂರಕ್ಕೆ 15 ಬಿಟ್ಟರೆ ಸಾಕು ಎಂದಿತು. ಅಷ್ಟರಲ್ಲಿ ಎಷ್ಟೋ ಮಂದಿ ಮಕ್ಕಳನ್ನು ಬಿಡಿಸಿ ಸರ್ಕಾರಿ ಶಾಲೆಗೆ ಸೇರಿಸಿದ್ದರು. ದೇಶದ ಹಳ್ಳಿಗಳಲ್ಲಿ ಸರ್ಕಾರಿ ಶಾಲೆಯ ಮಕ್ಕಳು 2018ರಲ್ಲಿ ನೂರಕ್ಕೆ 64 ಇದ್ದದ್ದು 2021ರಲ್ಲಿ 70 ಆಯಿತು. ಕೆಲವರು ಇದನ್ನು ನಾಚಿಕೆಯ ವಿಷಯವೆಂದು ಮುಚ್ಚಿಟ್ಟುಕೊಂಡರು. ಮಗ ಹಳೆಯ ಸಮವಸ್ತ್ರವನ್ನೇ ಹಾಕಿಕೊಂಡು ಓಣಿಯಲ್ಲಿ ತಿರುಗುತ್ತಿದ್ದ. ನಮ್ಮ ಮನಸ್ಸಿನಲ್ಲಿ ಅಂದಿನಿಂದ ಒಂದು ಯೋಚನೆಯಿದೆ: ವ್ಯಾಪಾರಿಯ ಮಗನೂ ಹಮಾಲಿಯ ಮಗನೂ ಒಂದೇ ಬೆಂಚಿನಲ್ಲಿ ಕೂತ ಆ ಒಂದು ವರ್ಷದಲ್ಲಿ ಇಬ್ಬರ ತಂದೆಯರೂ ಒಟ್ಟಿಗೆ ಹೋಗಿ ಶಾಲೆಗೆ ಮೇಷ್ಟ್ರು ಕೇಳಬಹುದಿತ್ತು. ಕೇಳಲಿಲ್ಲ. ಅಂಗಡಿ ಚೇತರಿಸಿಕೊಂಡ ಕೂಡಲೇ ಅನೇಕರು ಹಿಂದಕ್ಕೆ ಹೋದರು.

ಇದನ್ನೆಲ್ಲ ಈಗ ಯಾಕೆ ಎತ್ತುತ್ತೀರಿ, ಮುಗಿದ ಕಥೆಯಲ್ಲವೇ ಎಂದರೆ, ಮುಗಿದಿಲ್ಲ. 2020ರಲ್ಲಿ ಒಂದನೆಯ ತರಗತಿಗೆ ಹೆಸರು ಹಚ್ಚಿಸಿದ ಮಗು ಆ ವರ್ಷ ಒಂದನೆಯ ತರಗತಿಯ ಕೋಣೆಯನ್ನೇ ಕಾಣಲಿಲ್ಲ. ಎರಡನೆಯದರಲ್ಲಿ ಅರ್ಧ ವರ್ಷ ಕಳೆದ ಮೇಲೆ ಮೇಷ್ಟ್ರ ಮುಖ ನೋಡಿತು. ವರ್ಷ ವರ್ಷ ತೇರ್ಗಡೆಯಾಗುತ್ತ ಹೋದರೆ ಆ ಮಗು 2030ರ ಮಾರ್ಚಿನಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂರುತ್ತದೆ. ಮೂರನೆಯ ತರಗತಿಯ ಮಕ್ಕಳಲ್ಲಿ ಎರಡನೆಯ ತರಗತಿಯ ಪಾಠ ಓದಬಲ್ಲವರು ದೇಶದ ಸರ್ಕಾರಿ ಶಾಲೆಗಳಲ್ಲಿ 2018ರಲ್ಲಿ ನೂರಕ್ಕೆ 21ರಷ್ಟು ಇದ್ದದ್ದು 2022ಕ್ಕೆ 16ಕ್ಕೆ ಇಳಿದು, 2024ರಲ್ಲಿ 23ಕ್ಕೆ ಏರಿದೆ. ಸಂತೋಷ. ಆದರೆ 2024ರಲ್ಲಿ ಮೂರನೆಯ ತರಗತಿಯಲ್ಲಿದ್ದವರು ಬೇರೆ ಮಕ್ಕಳು. ಅವರು ಶಾಲೆಗೆ ಬಂದದ್ದೇ ಬಾಗಿಲು ತೆರೆದ ಮೇಲೆ. ಬಾಗಿಲು ಮುಚ್ಚಿದ್ದಾಗಿನವರು ಮೇಲಿನ ತರಗತಿಗೆ ಹೋಗಿಬಿಟ್ಟಿದ್ದಾರೆ. ಅವರನ್ನು ಯಾರು ಎಣಿಸುತ್ತಾರೆ?

ಇನ್ನೊಂದು ಪಿಡುಗು ಬರುವುದೇ ಇಲ್ಲ ಎಂದು ಯಾರೂ ಬರೆದುಕೊಡಲಾರರು. ಬಂದರೆ ಶಾಲೆಯ ಅಡಿಗೆಮನೆ ನಿಲ್ಲಕೂಡದು ಎಂಬುದನ್ನು ಈಗಲೇ ಬಾಯಿಬಿಟ್ಟು ಕೇಳಬೇಕು. ಇದು ಆಗದ ಕೆಲಸವಲ್ಲ. 2024ರ ಬರಗಾಲದಲ್ಲಿ ನಮ್ಮ ರಾಜ್ಯದ ಬರಪೀಡಿತ ತಾಲ್ಲೂಕುಗಳಲ್ಲಿ ಬೇಸಿಗೆ ರಜೆಯಲ್ಲಿಯೂ ಬಿಸಿಯೂಟ ಬಡಿಸಿದರು. ಮಳೆ ಕೈಕೊಟ್ಟಾಗ ರಜೆಯಲ್ಲಿ ಒಲೆ ಹೊತ್ತಿಸಬಹುದಾದರೆ ಕೂಲಿ ಕೈಕೊಟ್ಟಾಗ ಯಾಕಾಗದು? 2013ರ ಆಹಾರ ಭದ್ರತೆಯ ಕಾಯಿದೆಯಲ್ಲಿ ಊಟ ಕೊಡಲಾಗದಿದ್ದರೆ ಭತ್ಯ ಕೊಡಬೇಕೆಂದೂ ಇದೆ. ತುಟ್ಟಿಭತ್ಯ ಕೇಳುವ ನಮ್ಮ ಅರ್ಜಿಯಲ್ಲಿ ಈ ಭತ್ಯವೂ ಒಂದು ಸಾಲಾಗಿ ಬರಲಿ ಎಂದು ಸಂಘದ ಕಾರ್ಯಸಮಿತಿಯನ್ನು ನಾವು ಕೇಳಿದ್ದೇವೆ. ಒಪ್ಪಿದ್ದಾರೆ, ಇಬ್ಬರು ಮಾತ್ರ, ಇದು ಗಿರಣಿಯ ವಿಷಯವಲ್ಲ ಎಂದು ತಮ್ಮ ಷರಾ ಬರೆಸಿದರು.

ಅದಕ್ಕೆ ಮುಂಚೆ ಎಣಿಕೆಯಾಗಬೇಕು. ಬರುವ ಭಾನುವಾರ ಬೆಳಿಗ್ಗೆ ಎರಡನೆಯ ಪಾಳಿಯವರು ಎಂಟು ಗಂಟೆಗೆ ಗುಡಿಯ ಜಗಲಿಯ ಹತ್ತಿರ ಬನ್ನಿ. ಇಬ್ಬಿಬ್ಬರಂತೆ ಒಂದೊಂದು ಓಣಿ. ಒಬ್ಬರು ಗಿರಣಿಯವರು, ಒಬ್ಬರು ಅಂಗಡಿಯವರು ಇರಲಿ. ಮನೆಯಲ್ಲಿ ಆ ವರ್ಷ ಒಂದರಿಂದ ಮೂರನೆಯ ತರಗತಿಯಲ್ಲಿದ್ದ ಮಕ್ಕಳು ಯಾರಿದ್ದಾರೆ, ಈಗ ಶಾಲೆಯಲ್ಲಿದ್ದಾರೆಯೇ, ಇಲ್ಲದಿದ್ದರೆ ಎಲ್ಲಿದ್ದಾರೆ, ಇದಿಷ್ಟು ಕೇಳಿ ಬರೆದುಕೊಳ್ಳಿ. ಶಾಲೆಯಲ್ಲಿರುವವರ ಕೈಗೆ ಈ ಪತ್ರಿಕೆಯ ಯಾವುದಾದರೂ ಒಂದು ಹಾಳೆ ಕೊಟ್ಟು ನಾಲ್ಕು ಸಾಲು ಓದಿಸಿ. ಬಾರದಿದ್ದರೆ ಗದರಿಸಬೇಡಿ, ನಗಬೇಡಿ, ಹೆಸರಿನ ಮುಂದೆ ಒಂದು ಗುರುತು ಹಾಕಿ. ಓದಲು ಬಾರದ ದೊಡ್ಡವರು ಜೊತೆಗೆ ಬರಬಹುದೇ ಎಂದು ಒಬ್ಬರು ಕೇಳಿದರು. ಬರಬಹುದು, ಮನೆಯವರ ಹತ್ತಿರ ಮಾತನಾಡುವ ಕೆಲಸ ಅವರದು. ಪೆನ್ಸಿಲನ್ನು ನಾವು ತರುತ್ತೇವೆ, ನೋಟುಪುಸ್ತಕವನ್ನು ಅಂಗಡಿಯವರು ಕೊಡುವುದಾಗಿ ಹೇಳಿದ್ದಾರೆ.